ಮಾರಿಕ್ರೂಸ್ ಕೆಲಸ ಬಿಟ್ಟಳು

ಫ್ರೆಸ್ನೊ ಸೀಮೆಯ ಪೀಚ್ ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಒದಿಲಿಯಾ ನಾಲ್ಕು ವರ್ಷ ದುಡಿದದ್ದು ಮಾರಿಕ್ರೂಸ್ ಎಂಬ ಹೆಸರಿನಲ್ಲಿ. ಮಾರಿಕ್ರೂಸ್ ಅವಳ ಚಿಕ್ಕಮ್ಮನ ಮಗಳು, ಗಡಿಯ ಈಚೆಗೆ ಹುಟ್ಟಿ ಇಲ್ಲಿನ ಪ್ರಜೆಯಾದ ಪುಣ್ಯವಂತೆ. ಪುಟ್ಟ ಹುಡುಗಿಯಾಗಿ ಅಮ್ಮನ ಕೈಹಿಡಿದು ಮೆಕ್ಸಿಕೊದಿಂದ ಬಂದ ಒದಿಲಿಯಾಳ ಬಳಿ ಕೆಲಸಕ್ಕೆ ಬೇಕಾದ ಯಾವ ಕಾಗದವೂ ಇರಲಿಲ್ಲ. ಆ ಶೆಡ್ಡಿನಲ್ಲಿ ಹೆಸರು ಎರವಲು ಪಡೆಯುವುದು ಕೊಡೆ ಎರವಲು ಪಡೆದಷ್ಟೇ ಸಹಜ. ಒದಿಲಿಯಾ ನರ್ಸಿಂಗ್ ಓದಲು ಕಾಲೇಜು ಸೇರಿದ್ದಳು. ತರಗತಿಯೂ ಬೆಳಿಗ್ಗೆ, ಪಾಳಿಯೂ ಬೆಳಿಗ್ಗೆ. ಓದು ಅರ್ಧಕ್ಕೇ ನಿಂತಿತು.

ಈಗ ಸರ್ಕಾರದಿಂದ ಎರಡು ವರ್ಷದ ಕೆಲಸದ ಪರವಾನಗಿ ಕಾರ್ಡು ಬಂದಿತ್ತು, ಅವಳದೇ ಹೆಸರಿನಲ್ಲಿ. ಅದೇ ಶೆಡ್ಡಿನಲ್ಲಿ ದುಡಿಯುವ ಅಮ್ಮ ಯೂಫ್ರೊಸಿನಾಗೆ ಮಾತ್ರ ಸಂತೋಷವಿಲ್ಲ.

"ಮಾರಿಕ್ರೂಸ್‌ಗೆ ನಾಕು ವರ್ಷದ ಸರ್ವಿಸ್ ಇದೆ ಕಣೇ. ಒದಿಲಿಯಾಗೆ ಏನಿದೆ ಮಣ್ಣು? ಸುಳ್ಳು ಹೇಳಿದ್ದೆ ಅಂತ ಆಚೆಗೆ ಹಾಕಿದ್ರೆ? ಎರಡು ವರ್ಷದ ಕಾರ್ಡಿಗೆ ಇಷ್ಟು ಹಾರಾಡ್ಬೇಡ."

"ಎರಡೇ ವರ್ಷ ಆದ್ರೂ ನಂದೇ ಅಲ್ವೇನಮ್ಮ?"

ಮರುದಿನ ಒದಿಲಿಯಾ, ಊಟಕ್ಕೆ ಕೂತಿದ್ದ ಮೇಲ್ವಿಚಾರಕಿ ಓರ್ತೆನ್ಸಿಯಾಳ ಮುಂದೆ ಕಾರ್ಡು ಇಟ್ಟಳು. "ನಾನು ಮಾರಿಕ್ರೂಸ್ ಅಲ್ಲ ಮೇಡಂ."

"ಗೊತ್ತು ಬಿಡೇ," ಎಂದಳು ಓರ್ತೆನ್ಸಿಯಾ, ಬಾಯಲ್ಲಿದ್ದ ತುತ್ತು ನುಂಗಿ. "ಅವಳೂ ನನ್ನ ಮಗಳೂ ಒಟ್ಟಿಗೆ ಓದಿದ್ದು. ಅವಳು ನಿನಗಿಂತ ಒಂದು ಗೇಣು ಎತ್ತರ. ಆಯ್ತು, ಮಾರಿಕ್ರೂಸ್ ಇವತ್ತು ಕೆಲಸ ಬಿಟ್ಟಳು. ಒದಿಲಿಯಾ ನಾಳೆ ಸೇರ್ತಾಳೆ. ಆದ್ರೆ ಹೊಸಬರಿಗೆ ಹಗಲು ಪಾಳಿ ಇಲ್ಲಮ್ಮ. ಸಂಜೆ ಪಾಳಿ, ಕೊಳೆತ ಹಣ್ಣು ಆರಿಸೋ ಕೆಲಸ. ಸಂಬಳಾನೂ ಕಮ್ಮಿ. ಬೇಜಾರಾ?"

ಅಳಬೇಕಾದವಳು ನಕ್ಕುಬಿಟ್ಟಳು. ಬೆಳಗೆಲ್ಲ ಬಿಡುವು! ಅಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದ ಹಗಲು ಪಾಳಿಯೇ ಇಷ್ಟು ದಿನ ಅವಳ ಓದಿಗೆ ಅಡ್ಡ ಬಿದ್ದಿತ್ತು. ಅಂದೇ ಹೋಗಿ ಕಾಲೇಜಿನಲ್ಲಿ ಮತ್ತೆ ಹೆಸರು ಬರೆಸಿದಳು.

ಮೊದಲ ತರಗತಿ ಮುಗಿಸಿ, ಪುಸ್ತಕದ ಚೀಲದೊಂದಿಗೆ ಅವಳು ನೇರ ಶೆಡ್ಡಿಗೆ ಬಂದಾಗ ಹಗಲು ಪಾಳಿಯವರು ಹೊರಡುತ್ತಿದ್ದರು. ಯೂಫ್ರೊಸಿನಾ ಏಪ್ರನ್ ಬಿಚ್ಚುತ್ತಿದ್ದಳು. ಮಾರಿಕ್ರೂಸ್‌ಗೆ ಅವಳು ದೊಡ್ಡಮ್ಮ. ಹಾಗಾಗಿ ಶೆಡ್ಡಿನೊಳಗೆ ಒದಿಲಿಯಾ ಹೆತ್ತ ತಾಯಿಯನ್ನು ಒಂದು ದಿನವೂ ಅಮ್ಮ ಎಂದು ಕರೆದಿರಲಿಲ್ಲ. ಇಂದೂ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

"ದೊಡ್ಡಮ್ಮ, ಹೊರಟ್ಯಾ?"

ಯೂಫ್ರೊಸಿನಾ ಸರ್ರನೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಯಂತ್ರಗಳ ಸದ್ದನ್ನೂ ಮೀರಿಸಿತು.

"ಯಾರೇ ದೊಡ್ಡಮ್ಮ? ಹೆತ್ತೋಳು ಕಣೇ ನಾನು! ಕೇಳಿಸ್ಕೊಳ್ರೇ ಎಲ್ಲಾರೂ, ಇವಳು ನನ್ನ ಮಗಳು. ಒದಿಲಿಯಾ. ಕಾಲೇಜಿಂದ ಬರ್ತಿದಾಳೆ!"