ಉಳಿದದ್ದು ಸಂಗಮ್ಮನ ಹೆಸರೊಂದೇ

೧೯೯೨ರ ಬೇಸಿಗೆ. ನಾನು ಆಗ ಕಲಬುರಗಿಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ಟೈಪಿಸ್ಟ್ ಆಗಿದ್ದೆ. ಮನೆ ಕಮಲಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ವಯಸ್ಸು ಇಪ್ಪತ್ಮೂರು. ಇಂಗ್ಲಿಷ್ ಸೀನಿಯರ್ ಟೈಪಿಂಗ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳೆಂಬ ಜಂಬ ಮೈತುಂಬ ಇತ್ತು. ಈಗಲೂ ಸ್ವಲ್ಪ ಇದೆ, ಸುಳ್ಳೇಕೆ ಹೇಳಲಿ!

ಆ ವರ್ಷ ಯಾರೋ ದಾನಿಗಳು ಆಸ್ಪತ್ರೆಗೆ ಒಂದು ಕಂಪ್ಯೂಟರ್ ಕೊಟ್ಟರು. ಈಗಿನ ಹಾಗೆ ಅದರಲ್ಲಿ ಚಿತ್ರಗಳಿರಲಿಲ್ಲ, ಮೌಸ್ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಮಿಣುಕುವ ಒಂದು ಗೆರೆ, ಅಷ್ಟೇ. ನಾವು ಹುಕುಂ ಬರೆದರೆ ಮಾಡುತ್ತಿತ್ತು. ತಪ್ಪು ಬರೆದರೆ ಹುಕುಂ ಸರಿಯಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತಿತ್ತು. ಇದಕ್ಕೆ ಡಾಸ್ ಎನ್ನುತ್ತಾರೆ ಎಂದು ಆಗಲೇ ಗೊತ್ತಾದದ್ದು. ಮ್ಯಾನೇಜರ್ ಸಾಹೇಬರು ಸೇರಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಕೀಲಿಗಳು ಟೈಪ್‌ರೈಟರಿನ ಹಾಗೆಯೇ ಇವೆಯಲ್ಲ, ನಾನೇ ಕಲಿಯುತ್ತೇನೆ ಎಂದೆ.

ಕಲಿಸಿದವರು ಖಾದರ್ ಭಾಯಿ. ಶಹಾಬಜಾರದಲ್ಲಿ ಅವರದು ಟೈಪ್‌ರೈಟರ್ ರಿಪೇರಿ ಅಂಗಡಿ. ಈ ಧಂದೆ ಇನ್ನು ಬಹಳ ದಿನ ನಡೆಯುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದುಕೊಂಡು, ಹೈದರಾಬಾದಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದರು. ಯಾವ ಯಾವ ಫೈಲುಗಳಿವೆ ಎಂದು ನೋಡುವುದು ಹೇಗೆ, ಒಂದು ಫೈಲಿನ ಒಳಗೇನಿದೆ ಎಂದು ನೋಡುವುದು ಹೇಗೆ, ‘ಕಾಪಿ ಕಾನ್’ ಎಂದು ಹೊಡೆದು ಹೊಸ ಫೈಲು ಬರೆಯುವುದು ಹೇಗೆ ಎಂದು ಹೇಳಿಕೊಟ್ಟರು. ವಾರದಲ್ಲಿ ನನ್ನ ಕೈ ಓಡತೊಡಗಿತು. ನೋಡಲು ನಿಂತವರ ಎದುರು ಇನ್ನೂ ಜೋರಾಗಿ ಓಡುತ್ತಿತ್ತು.

ನನ್ನ ಮೊದಲ ದೊಡ್ಡ ಕೆಲಸ ಕಮಲಾಪುರದ ಪಟ್ಟಿ. ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಾದ ನಲವತ್ತೆಂಟು ಜನರ ಹೆಸರು, ವಯಸ್ಸು, ಯಾವ ಕಣ್ಣು ಎಂಬ ವಿವರ. ನರ್ಸ್ ಕಾಶೀಬಾಯಿ ಊರಲ್ಲಿ ತಪಾಸಣೆ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು ತಂದಿದ್ದರು. ಎಲ್ಲವನ್ನೂ ಹೊಡೆದು ಮುಗಿಸಿದ ದಿನ ಅವರು, “ಚೀಟಿ ಇಲ್ಲೇ ಇಡ್ಲೇನ್ರಿ?” ಎಂದು ಕೇಳಿದರು.

“ಯಾಕ್ ಬೇಕ್ರಿ? ಎಲ್ಲಾ ಕಂಪ್ಯೂಟರನ್ಯಾಗ ಅದ. ಒಯ್ದು ಅವರವರಿಗೆ ಹಂಚಿಬಿಡ್ರಿ” ಎಂದೆ, ರಾಜಠೀವಿಯಿಂದ. ಅವರು ಹಂಚಿಬಿಟ್ಟರು.

ಎರಡು ದಿನ ಬಿಟ್ಟು ಮಧ್ಯಾಹ್ನ ಕಾಶೀಬಾಯಿ ಸಂಗಮ್ಮ ಎಂಬ ಮುದುಕಿಯ ಕೈ ಹಿಡಿದುಕೊಂಡು ಬಂದರು. ತಪಾಸಣೆಯ ದಿನ ಆಕೆ ಮಗಳ ಊರಿಗೆ ಹೋಗಿದ್ದಳಂತೆ. ಎರಡೂ ಕಣ್ಣಿಗೆ ಪೊರೆ. “ನಂದೂ ಒಂದು ಹೆಸರು ಹಾಕ್ ಯವ್ವಾ” ಎಂದು ನನ್ನ ಕಡೆಗಲ್ಲ, ಕಿಟಕಿಯ ಕಡೆಗೆ ಕೈ ಮುಗಿದಳು.

“ಹಾಕ್ತೀನವ್ವಾ, ಆದ್ರ ಎಲ್ಲಾರಕಿಂತ ಕಡೀಗಿ ಬರ್ತದ. ಕಾಯಬೇಕಾಗ್ತದ ನೋಡು” ಎಂದೆ.

ಟೈಪ್‌ರೈಟರಿನಲ್ಲಿ ಪಟ್ಟಿಗೆ ಒಂದು ಹೆಸರು ಸೇರಿಸಬೇಕಾದರೆ ಏನು ಮಾಡುತ್ತೇವೆ? ಅದೇ ಹಾಳೆಯನ್ನು ಮತ್ತೆ ಏರಿಸಿ, ಕೆಳಗಿನವರೆಗೆ ಸುತ್ತಿ, ಒಂದು ಸಾಲು ಹೊಡೆಯುತ್ತೇವೆ. ನಾನೂ ಹಾಗೇ ಮಾಡಿದೆ. ‘ಕಾಪಿ ಕಾನ್’ ಎಂದು ಹೊಡೆದು ಅದೇ ಫೈಲಿನ ಹೆಸರು ಕೊಟ್ಟೆ, ಸಂಗಮ್ಮನ ಸಾಲು ಹೊಡೆದು ಮುಗಿಸಿದೆ. ಒಂದು ಫೈಲು ಕಾಪಿ ಆಯಿತು ಎಂದು ಕಂಪ್ಯೂಟರ್ ಹೇಳಿತು. ಇಬ್ಬರನ್ನೂ ಕಳಿಸಿ, ಆಮೇಲೆ ಫೈಲು ತೆರೆದು ನೋಡಿದರೆ ಪರದೆಯ ಮೇಲೆ ಒಂದೇ ಸಾಲು. ಸಂಗಮ್ಮ, ಅರವತ್ತೆಂಟು, ಎರಡೂ ಕಣ್ಣು. ಉಳಿದ ನಲವತ್ತೆಂಟು ಜನ ಮಾಯ!

ಮರುದಿನ ಹತ್ತು ಗಂಟೆಗೆ ಪಟ್ಟಿ ಡಾಕ್ಟರ ಕೈಗೆ ಹೋಗಬೇಕಿತ್ತು. ಇಲ್ಲದಿದ್ದರೆ ಆ ಸರದಿ ಬೇರೆ ಊರಿಗೆ, ಕಮಲಾಪುರದವರು ಮುಂದಿನ ವರ್ಷದವರೆಗೆ ಕಾಯಬೇಕು. ಆಟೋ ಹಿಡಿದು ಶಹಾಬಜಾರಕ್ಕೆ ಓಡಿದೆ.

ಖಾದರ್ ಭಾಯಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು. “ಅರೆ ಮೇಡಂ, ಹಳೇದ್ರ ಮ್ಯಾಲೆ ಹೊಸಾದು ಬರದೀರಿ. ಅದು ವಾಪಸ್ ಬರಂಗಿಲ್ಲ. ಅದೇ ಹೆಸರು ಕೊಟ್ರ ಇದು ಹಳೇ ಕಾಗದ ತಗದು ಬಿಸಾಕ್ತದ್ರಿ. ನಂದೂ ತಪ್ಪದ, ನಾ ಮೊದಲೇ ಹೇಳಬೇಕಾಗಿತ್ತು.”

“ಈಗೇನ್ ಮಾಡ್ಲಿ ಹೇಳ್ರಿ” ಎಂದೆ.

“ಫಿಕರ್ ಮಾಡಬ್ಯಾಡ್ರಿ. ಹೆಸರು ತರ್ರಿ. ಬ್ಯಾರೆ ಫೈಲಿನ್ಯಾಗ ಹೊಡೀರಿ. ಆಮ್ಯಾಲೆ ಎರಡರ ನಡುವ ಕೂಡಿಸೋ ಗುರುತು ಹಾಕಿ ಕಾಪಿ ಮಾಡ್ರಿ, ಒಂದರ ಕೆಳಗ ಒಂದು ಅಂಟ್ತಾವ.”

ಆಸ್ಪತ್ರೆಗೆ ಮರಳಿ ಮ್ಯಾನೇಜರ ಎದುರು ನಿಂತು ನನ್ನಿಂದಲೇ ಹೀಗಾಯಿತು ಎಂದು ಹೇಳಿದೆ. ಸಂಜೆ ಕಮಲಾಪುರದಲ್ಲಿ ಬಸ್ಸಿಳಿದು ಸೀದಾ ಅಲ್ಲೇ ಇದ್ದ ಕಾಶೀಬಾಯಿಯ ಮನೆಗೆ ಹೋದೆ. ಅವರು ಒಂದು ಮಾತೂ ಬೈಯದೆ ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ಓಣಿ ಓಣಿ ತಿರುಗಿ ಮನೆಮನೆಯ ಚೀಟಿ ಕೇಳಿ ನೋಟುಬುಕ್ಕಿಗೆ ಇಳಿಸಿದೆವು. ಒಬ್ಬರು ದೇವರ ಜಗಲಿಯ ಮೇಲಿಟ್ಟಿದ್ದರು, ಒಬ್ಬರು ಜೋಳದ ಡಬ್ಬಿಯಲ್ಲಿ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: “ಆಪರೇಷನ್ ರದ್ದಾಯ್ತೇನ್ರಿ?” ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಆ ಕಾಗದದ ಚೂರಿನ ಬೆಲೆ ನನಗೆ ತಿಳಿದದ್ದು ಅವತ್ತು.

ಮರುದಿನ ಮೊದಲ ಬಸ್ಸಿಗೇ ಬಂದೆ. ಮ್ಯಾನೇಜರು, “ಟೈಪ್‌ರೈಟರನ್ಯಾಗ ಹೊಡದು ಕೊಟ್ಟುಬಿಡ್ರಿ, ಸಾಕು” ಎಂದರು. ನಾನು ಒಪ್ಪಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಬೇರೆ ಹೆಸರಿನ ಹೊಸ ಫೈಲಿನಲ್ಲಿ ನಲವತ್ತೆಂಟೂ ಹೊಡೆದೆ. ಸಂಗಮ್ಮನನ್ನು ಅಳಿಸಿ ಕೊನೆಗೆ ಹಾಕಬಹುದಿತ್ತು, ಮನಸ್ಸಾಗಲಿಲ್ಲ. ಎಲ್ಲ ಹೋದರೂ ಉಳಿದ ಹೆಸರಲ್ಲವೇ ಅದು! ಅದರ ಕೆಳಗೇ ಉಳಿದವರನ್ನು ಅಂಟಿಸಿ, ಪೂರ್ತಿ ಓದಿ ನೋಡಿ, ಪ್ರಿಂಟ್ ತೆಗೆದು, ಒಂಬತ್ತೂಮುಕ್ಕಾಲಿಗೆ ಡಾಕ್ಟರ ಕೈಗೆ ಪಟ್ಟಿ ಕೊಟ್ಟೆ.

ಆಪರೇಷನ್ ದಿನ ಸಂಗಮ್ಮ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕುಳಿತಿದ್ದಳು. ಕಾಶೀಬಾಯಿ ಪಟ್ಟಿ ಹಿಡಿದು ಕೂಗಿದ ಮೊದಲ ಹೆಸರೇ ಅವಳದು. ಅವಳು ಏಳಲಿಲ್ಲ, ಬೇರೆ ಯಾರೋ ಸಂಗಮ್ಮ ಎಂದುಕೊಂಡಳಂತೆ. ನಾನೇ ಹೋಗಿ ಎಬ್ಬಿಸಿದೆ.

“ಕಡೀಗಿ ಅಂದಿದ್ದೆಲ್ಲ ಯವ್ವಾ, ಮೊದಲ ಹ್ಯಾಂಗ್ ಕರದ್ರು?” ಎಂದಳು.

ನಾನು ಅವಳ ಕೈ ಹಿಡಿದು ಒಳಗೆ ಕರೆದೊಯ್ದೆ.

ಮುಂದೆ ಎಷ್ಟೋ ಬಗೆಯ ಕಂಪ್ಯೂಟರ್ ಕಲಿತೆ, ಬೇರೆಯವರಿಗೂ ಕಲಿಸಿದೆ. ಮೊದಲ ಪಾಠ ಯಾವಾಗಲೂ ಒಂದೇ: ಕಾಗದದ ಮೇಲಿರುವುದನ್ನು ಕೈಬಿಡಬೇಡಿ. ಆದರೆ ಆ ಬೇಸಿಗೆ ಎಂದರೆ ನನಗೆ ನೆನಪಾಗುವುದು ಪಟ್ಟಿಯಲ್ಲ. ಕೆಲವು ದಿನಗಳ ನಂತರ ಸಂಗಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದಳು. ನನ್ನ ದನಿ ಕೇಳಿದ ಕಡೆ ತಿರುಗಿ, ಹತ್ತಿರ ಬಂದು, ಗಲ್ಲ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಳು.

“ಅಯ್ಯ, ಇಷ್ಟ್ ಸಣ್ಣ ಹುಡುಗೀನ ನೀ? ಮಾತ್ ಕೇಳಿ ಯಾರೋ ದೊಡ್ಡ ಆಫೀಸರಮ್ಮ ಅಂತ ತಿಳಕೊಂಡಿದ್ದೆ!”