ದ್ವೀಪದವರ ಶುಕ್ರವಾರ

ನನ್ನ ಅತ್ತೆಯ ಬಲಗೈ ಪೂರ್ತಿ ಮುಚ್ಚುತ್ತಿರಲಿಲ್ಲ. ಯಾವ ಕಾಲದಲ್ಲೋ ಕುಕ್ಕರಿನ ಮುಚ್ಚಳ ಹಾರಿ ಬಡಿದು, ಕಿರುಬೆರಳೂ ಉಂಗುರ ಬೆರಳೂ ಕಡ್ಡಿಯ ಹಾಗೆ ನೆಟ್ಟಗಾಗಿಬಿಟ್ಟಿದ್ದವು. ಹಿಟ್ಟು ನಾದುವಾಗ, ತಸ್ಬಿಯ ಮಣಿ ಎಣಿಸುವಾಗ, ಮೊಮ್ಮಗನ ಕಿವಿ ಹಿಂಡುವಾಗ ಆ ಎರಡು ಬೆರಳು ತಮಗೆ ಸಂಬಂಧವೇ ಇಲ್ಲವೆಂಬಂತೆ ದೂರ ನಿಂತಿರುತ್ತಿದ್ದವು. ಯಾರಾದರೂ ಕೇಳಿದರೆ, “ಎಂತ ಮಾಡುವುದು, ನಾನು ಜಿಪುಣಿಯಾಗ್ಲಿಕ್ಕೆ ಅಲ್ಲಾಹು ಬಿಡ್ಲಿಲ್ಲ” ಎಂದು ನಗುತ್ತಿದ್ದರು.

ಮಂಗಳೂರಿನ ಕಡೆಯಿಂದ ಮದುವೆಯಾಗಿ ದೋಹಾಕ್ಕೆ ಬಂದವರು, ಇಲ್ಲಿಯೇ ಹಣ್ಣಾದರು. ಅಲ್ ಹಿಲಾಲ್‌ನಲ್ಲಿ ಮಾಲೀಕರು ಹಳೆಯ ವಿಲ್ಲಾ ಒಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಹಿಂದಿನ ಪಾಲು ನಮ್ಮದು. ನಮ್ಮ ಗೇಟಿನ ಮುಂದೆಯೇ ಮಸೀದಿಯ ದಾರಿ. ಪ್ರತಿ ಶುಕ್ರವಾರ ಜುಮಾ ನಮಾಜು ಬಿಡುವ ಹೊತ್ತಿಗೆ ಅತ್ತೆ ನೀಲಿ ಕ್ಯಾನಿನ ತುಂಬ ನಿಂಬೆ ಶರಬತ್ತು ಮಾಡಿ, ಮೇಲೆ ಕಾಮಕಸ್ತೂರಿ ಬೀಜ ಹಾಕಿ, ಗೇಟಿನ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಬಿಸಿಲಲ್ಲಿ ನಡೆದು ಬರುವ ಕೆಲಸಗಾರರು, ಡ್ರೈವರುಗಳು ನಿಂತು ಕುಡಿದು ಹೋಗುತ್ತಿದ್ದರು. ನಿಂಬೆ ಹಿಂಡುವುದು, ಲೋಟ ತೊಳೆಯುವುದು ನನ್ನ ಪಾಲಿನ ಕೆಲಸ. ಮನೆಯವರೆಲ್ಲ ಕಾಲು ಚಾಚುವ ದಿನವೂ ಸಿಂಕಿನ ಮುಂದೆ ನಿಲ್ಲಬೇಕಲ್ಲಾ ಎಂದು ನಾನು ಗೊಣಗುವುದು ಅವರಿಗೆ ಕೇಳಿಸುತ್ತಿತ್ತು.

“ನಮಾಜು ಮುಗಿಸಿದ ಹೊತ್ತಿನಲ್ಲಿ ಮನುಷ್ಯನ ಕೈ ಬಿಚ್ಚಿ ಇರ್ತದೆ ಮಗಾ” ಎನ್ನುತ್ತಿದ್ದರು. “ಕೊಡ್ಲಿಕ್ಕೂ ನಾಚಿಕೆ ಇಲ್ಲ, ತಗೊಳ್ಳಿಕ್ಕೂ ಇಲ್ಲ. ಸ್ವಲ್ಪ ಹೊತ್ತಾದ್ರೆ ಮುಚ್ಚಿಕೊಳ್ತದೆ.”

ಆ ಮಾತಿನ ಅರ್ಥ ನನಗೆ ಆದದ್ದು ದೋಹಾದಲ್ಲಲ್ಲ.

ಮಗನಿಗೆ ಐದು, ಮಗಳಿಗೆ ಆಗಷ್ಟೇ ಒಂದು ದಾಟಿತ್ತು. ಮಗಳು ಹುಟ್ಟಿದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದ ನೆನಪಿರಲಿಲ್ಲ. ಗಂಡ ಒಂದು ವಾರ ರಜೆ ಹಾಕಿ, ಮೆಡಿಟರೇನಿಯನ್ ಸಮುದ್ರದ ಒಂದು ಸಣ್ಣ ದ್ವೀಪದಲ್ಲಿ ಮನೆ ಹಿಡಿದರು. “ಗದ್ದಲ ಮಾಫಿ, ಎಂತದ್ದೂ ಇಲ್ಲ. ನಿನಗೆ ರೆಸ್ಟ್ ಸಿಗ್ತದೆ” ಎಂದರು. ಅತ್ತೆಯೂ ಹೊರಟರು.

ವಿಮಾನ ಇಳಿದರೆ ಮಕ್ಕಳ ಸಾಮಾನಿನ ಪೆಟ್ಟಿಗೆ ಬಂದಿರಲಿಲ್ಲ. ಹಡಗಿನಲ್ಲಿ ಇಬ್ಬರು ಮಕ್ಕಳೂ ನನ್ನ ಮೈಮೇಲೆಯೇ ವಾಂತಿ ಮಾಡಿದರು. ಶನಿವಾರ ಸಂಜೆ ಮನೆ ಮುಟ್ಟಿದಾಗ ಗ್ಯಾಸ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಹತ್ತಲು ಮೆಟ್ಟಿಲಿರಲಿಲ್ಲ; ಅಷ್ಟಕ್ಕೆ ಅಲ್‌ಹಂದುಲಿಲ್ಲಾಹ್ ಎಂದುಕೊಂಡೆ. ರಜೆಯೆಂದರೆ ಬೇರೆ ಒಲೆಯ ಮುಂದೆ ನಿಲ್ಲುವುದು, ಅಷ್ಟೇ.

ಕೈಚೀಲದಲ್ಲಿದ್ದ ಹಾಲಿನ ಪುಡಿ ಆ ರಾತ್ರಿಗೆ ಮಾತ್ರ ಸಾಕಾಗುವಷ್ಟಿತ್ತು. “ನಾಳೆ ಸಂಡೇ ಅಲ್ವಾ, ಬೆಳಿಗ್ಗೆಯೇ ಅಂಗಡಿ ಓಪನ್ ಇರ್ತದೆ” ಎಂದರು ಗಂಡ. ನಮಗಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕತಾರಿನಲ್ಲಿ ಶುಕ್ರವಾರ, ಶನಿವಾರ ರಜೆ. ವಾರ ಶುರುವಾಗುವುದೇ ಭಾನುವಾರ. ಅದು ನಮ್ಮ ಮೈಗೆ ಅಂಟಿಹೋಗಿತ್ತು.

ಬೆಳಿಗ್ಗೆ ಹೋದವರು ಖಾಲಿ ಕೈಯಲ್ಲಿ ಬಂದರು. “ಖಲಾಸ್. ಬಂದರಿನವರೆಗೂ ಹೋದೆ, ಒಂದು ಬಾಗಿಲೂ ತೆರೆದಿಲ್ಲ. ನಾಳೆಯೇ ಅಂತೆ.”

ನನ್ನ ಹಾಲು ಬತ್ತಿ ತಿಂಗಳುಗಳಾಗಿದ್ದವು. ಗಂಜಿ ಕೊಟ್ಟರೆ ಮಗು ಉಗುಳಿತು. ಸಕ್ಕರೆ ನೀರನ್ನೂ ಉಗುಳಿತು. ಅತ್ತು ಅತ್ತು ಅದರ ದನಿ ಸಣ್ಣಗಾಗತೊಡಗಿತು. ಆಗ ಗುಡ್ಡದ ಮೇಲಿನ ಇಗರ್ಜಿಯ ಗಂಟೆ ಹೊಡೆಯಿತು. ಅತ್ತೆ ತಲೆವಸ್ತ್ರ ಸರಿಮಾಡಿಕೊಂಡು ಖಾಲಿ ಬಾಟಲಿ ಕೈಗೆತ್ತಿಕೊಂಡರು.

“ಉಮ್ಮಾ, ಎಲ್ಲಿಗೆ?” ಎಂದರು ಗಂಡ.

“ಗಂಟೆ ಕೇಳ್ಲಿಲ್ವಾ? ಇವತ್ತು ಇವರ ಶುಕ್ರವಾರ ಮಾರಾಯಾ.”

“ಇಗರ್ಜಿಯ ಎದುರು ನಿಂತು ಬೇಡ್ತೀರಾ?”

“ಬೇಡುವುದಲ್ಲ, ಕೇಳುವುದು. ನಿನಗೆ ನಾಚಿಕೆ ಆದ್ರೆ ಮನೆಯಲ್ಲೇ ಕೂತ್ಕೋ” ಎಂದು ನನ್ನ ಕಡೆ ತಿರುಗಿದರು. “ಯಲ್ಲಾ ಮಗಾ, ಕೈ ಮುಚ್ಚಿಕೊಳ್ಳುವ ಮೊದಲು ಹೋಗ್ಬೇಕು.”

ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ಹೋದೆ. ಪ್ರಾರ್ಥನೆ ಬಿಟ್ಟು ಜನ ಹೊರಗೆ ಬರುತ್ತಿದ್ದರು. ಅತ್ತೆ ಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ನಮ್ಮ ಗೇಟಿನಲ್ಲಿ ಕೂರುವ ಹಾಗೆಯೇ ನೆಮ್ಮದಿಯಾಗಿ ನಿಂತು, ಬಾಟಲಿಯನ್ನು ತಲೆಕೆಳಗಾಗಿ ಹಿಡಿದರು. ಕಪ್ಪು ಬಟ್ಟೆಯ, ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಬಾಟಲಿ ನೋಡಿದಳು, ಮಗುವಿನ ಪಾದ ಮುಟ್ಟಿದಳು. ಅತ್ತೆ ಬ್ಯಾರಿ ಭಾಷೆಯಲ್ಲಿ ಹಡಗಿನ ಕಥೆಯನ್ನೆಲ್ಲ ಹೇಳಿದರು. ಅವಳು ತನ್ನ ಭಾಷೆಯಲ್ಲಿ ಯಾರನ್ನೋ ಬೈದಳು. ಬಹುಶಃ ನನ್ನ ಗಂಡನನ್ನೇ. ಆಮೇಲೆ ಅತ್ತೆಯ ನೆಟ್ಟಗಿನ ಎರಡು ಬೆರಳನ್ನೇ ಹಿಡಿದುಕೊಂಡು ಮನೆಗೆ ಎಳೆದೊಯ್ದಳು.

ಹಿತ್ತಲಲ್ಲಿ ಆಡು ಇತ್ತು. ಹಾಲು ಕರೆದು, ಕಾಯಿಸಿ, ಆರಿಸಿ ಕೊಟ್ಟಳು. ಅತ್ತೆ ಬಿಸ್ಮಿ ಹೇಳಿದರು, ಅವಳು ಶಿಲುಬೆಯ ಗುರುತು ಮಾಡಿದಳು. ಮಗು ಎರಡೂ ಕೈಯಲ್ಲಿ ಬಾಟಲಿ ಹಿಡಿದು ಕುಡಿಯಿತು. ನಾನು ಆ ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟೆ.

ಮರಳುವಾಗ ಅವಳು ಮಡಿಲ ತುಂಬ ನಿಂಬೆಹಣ್ಣು ಹಾಕಿದಳು. ಅತ್ತೆ ಬರೀ ತೆಗೆದುಕೊಂಡು ಸುಮ್ಮನಿರುವವರೇ? ಸಂಜೆ ಶರಬತ್ತು ಮಾಡಿ, ಊರಿಂದ ಊರಿಗೆ ಹೊತ್ತು ತಂದಿದ್ದ ಕಾಮಕಸ್ತೂರಿ ಹಾಕಿ ಒಯ್ದರು. ಮುದುಕಿ ಲೋಟದೊಳಗೆ ಕಪ್ಪೆ ಮೊಟ್ಟೆ ಕಂಡವಳಂತೆ ಹುಬ್ಬೇರಿಸಿ, ಕಣ್ಣು ಮುಚ್ಚಿ ಕುಡಿದಳಂತೆ. ಎರಡನೆಯದನ್ನು ತಾನೇ ಕೇಳಿ ಕುಡಿದಳಂತೆ. ಉಳಿದ ದಿನವೆಲ್ಲ ಮಧ್ಯಾಹ್ನ ಅತ್ತೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರು. “ನೀನು ಮಲಗು” ಎಂದು ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಆ ದ್ವೀಪದ ಸಮುದ್ರದ ಬಣ್ಣ ನನಗೆ ನೆನಪಿಲ್ಲ. ಆ ನಿದ್ದೆ ನೆನಪಿದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಮಯ್ಯತ್ತಿಗೆ ಸ್ನಾನ ಮಾಡಿಸಿದವರಲ್ಲಿ ನಾನೂ ಇದ್ದೆ. ಕಫನಿನ ಬಟ್ಟೆ ಸುತ್ತುವಾಗಲೂ ಆ ಎರಡು ಬೆರಳು ಮಡಚಲಿಲ್ಲ, ಹಾಗೆಯೇ ಸುತ್ತಿದೆವು.

ಮುಂದಿನ ಶುಕ್ರವಾರ ಗಂಡ, “ಬಿಡು, ನಿನಗೂ ಆಗುವುದಿಲ್ಲ. ಯಾರು ಕೇಳ್ತಾರೆ?” ಎಂದರು. ನಿಜ, ಯಾರೂ ಕೇಳಲಿಲ್ಲ. ನಮಾಜು ಬಿಟ್ಟ ಮೇಲೆ ಕಿಟಕಿಯಿಂದ ನೋಡಿದೆ. ಕೆಲವರು ಗೇಟಿನ ಹತ್ತಿರ ನಡಿಗೆ ನಿಧಾನ ಮಾಡಿ, ಖಾಲಿ ಸ್ಟೂಲು ನೋಡಿ, ಮುಂದೆ ಹೋದರು. ಅವರ ಕೈ ಪಕ್ಕದಲ್ಲಿ ಜೋತಾಡುತ್ತಿತ್ತು. ಅದರ ಮುಂದಿನ ವಾರ ಕ್ಯಾನು ತೊಳೆದೆ.

ಸೊಂಟ ನೋಯುತ್ತದೆ. ಸಿಂಕಿನ ತುಂಬ ಲೋಟ ಈಗಲೂ ನನಗೇ. ಮೊನ್ನೆ ನಿಂಬೆ ಹಿಂಡುತ್ತಿದ್ದಾಗ, ಅಂದು ಆಡಿನ ಹಾಲು ಕುಡಿದ ಮಗಳು ಬಂದು, “ಉಮ್ಮಾ, ಯೂ ಆರ್ ಸೋ ಟಯರ್ಡ್. ಇವತ್ತು ಕೂಡ ಮಾಡ್ಬೇಕಾ?” ಎಂದಳು.

“ಇವತ್ತು ಕೂಡ” ಎಂದು ಇನ್ನೊಂದು ನಿಂಬೆ ಕೊಯ್ದೆ.