ಹಾಲು ಒಸರದ ಕಟ್ಟು

ಮಾರುಕಟ್ಟೆಯ ಮೂಲೆಯಲ್ಲಿ ಸೊಪ್ಪು ಮಾರುತ್ತಿದ್ದವಳನ್ನು ಎಲ್ಲರೂ ಉಗುರಮ್ಮ ಎನ್ನುತ್ತಿದ್ದರು. ಎಡಗೈಯಲ್ಲಿ ಗಿಡ ಹಿಡಿದು ಬಲಗೈ ಹೆಬ್ಬೆರಳಿನ ಉಗುರಿನಿಂದ ಚಿವುಟಿ ನೋಡುವುದೇ ಆಕೆಯ ವಿದ್ಯೆ. ನಾಲಿಗೆಯೂ ಉಗುರಿನಷ್ಟೇ ಹರಿತ. ಪಕ್ಕದ ನಿಂಬೆಹಣ್ಣಿನವಳು ಒಂದು ದಿನ ಗೇಣು ಜಾಗ ಒತ್ತಿದ್ದಕ್ಕೆ ಉಗುರಮ್ಮ ಅವಳ ಜುಟ್ಟು ಹಿಡಿದು ಚರಂಡಿಯಲ್ಲಿ ಅದ್ದಿ ತೆಗೆದಿದ್ದಳು. ಅಂದಿನಿಂದ ಆ ಹೆಂಗಸು ಸೀನುವುದಕ್ಕೂ ಇವಳ ಮುಖ ನೋಡುತ್ತಿದ್ದಳು.

ರೈಲು ಹಳಿಯಾಚೆಯ ಬಯಲೇ ಉಗುರಮ್ಮನ ಹೊಲ. ಅಲ್ಲಿ ನೆಲಕ್ಕೆ ಅಂಟಿ ಹಬ್ಬುವ ಗಿಡಗಳಲ್ಲಿ, ಕೆಂಪು ದಂಟು, ರಸ ತುಂಬಿದ ದಪ್ಪ ಎಲೆಯದು ದೊಡ್ಡಗೋಣಿ. ಗೆಣ್ಣುಗೆಣ್ಣಿಗೂ ಬಿಳಿ ಕೂದಲಿರುವುದು ಸಣ್ಣಗೋಣಿ. ಎರಡೂ ಉಣ್ಣುವ ಸೊಪ್ಪೇ. ಅವುಗಳ ನಡುವೆ ಕರೆಯದ ನೆಂಟನ ಹಾಗೆ ಇನ್ನೊಂದು ಕೂತಿರುತ್ತದೆ. ಅದೇ ಕೆಂಪು ದಂಟು, ಅದೇ ಹಬ್ಬುವ ಚಾಳಿ, ಎಲೆ ಮಾತ್ರ ತೆಳು. ಚಿವುಟಿದರೆ ಹಾಲು ಒಸರುತ್ತದೆ. ಆ ಹಾಲು ಹೊಟ್ಟೆಗೆ ಹೋದರೆ ಕರುಳು ಬಾಯಿಗೆ ಬರುತ್ತದೆ.

ಒಮ್ಮೆ ಆಕೆಗೆ ಜ್ವರ ಬಂತು. ಗಂಡ ಸತ್ತ ಮೇಲೆ ಅಕ್ಕನ ಜೊತೆಗೇ ಇದ್ದ ತಂಗಿ ಒಬ್ಬಳೇ ಬಯಲಿಗೆ ಹೋಗಿ ಸೊಪ್ಪು ತಂದಳು. "ಎಲ್ಲಾ ಚಿವುಟಿ ನೋಡಿದೀನಕ್ಕ" ಅಂದಳು. ಸಂಜೆ ಒಂದೇ ಒಂದು ಕಟ್ಟು ಮಾರಿದಳು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಉಗುರಮ್ಮನೇ ತಂಗಿಯ ಜೊತೆ ಬಂದು ಕೂತು, ಅವಳ ಮಾತು ನಂಬಿ ಕಟ್ಟು ಬಿಚ್ಚಿ ನೋಡದೆ ಮಾರಿದಳು.

ಬುಟ್ಟಿ ಖಾಲಿಯಾಗುವ ಹೊತ್ತಿಗೆ ಕಮ್ಮಾರ ಬಂದ. ಕೈಯಲ್ಲಿ ಇಕ್ಕಳ, ಕಣ್ಣು ಕೆಂಡ. ಬಂದವನೇ ಬುಟ್ಟಿಗೆ ಒದ್ದ.

"ನಿನ್ನೆ ಸಂಜೆ ನಿನ್ನ ಸೊಪ್ಪು ತಿಂದು ನಮ್ಮಮ್ಮ ರಾತ್ರಿಯೆಲ್ಲಾ ರಕ್ತ ಕಾರಿದಾಳೆ ಕಣೇ!"

"ನನ್ನ ಸೊಪ್ಪಾ? ನಿನ್ನ ಕೊಳಕು ಕೈಯಲ್ಲಿ ಬೇಯಿಸಿದರೆ ಬೆಲ್ಲವೂ ವಿಷವೇ!"

ಅವನು ಇಕ್ಕಳ ಬೀಸಿದ. ಆಕೆಯ ಭುಜ ಹರಿಯಿತು. ಉಗುರಮ್ಮ ಹಿಂದೆ ಸರಿಯುವವಳಲ್ಲ. ನೀರಿನ ಚೊಂಬಿನಿಂದ ಅವನ ಬಾಯಿಗೆ ಬಾರಿಸಿದಳು, ಮುಂಹಲ್ಲು ಉದುರಿತು. ಅವನು ರಕ್ತ ಉಗಿದು, ಜೇಬಿನಿಂದ ಬಾಡಿದ ಅರ್ಧ ಕಟ್ಟು ತೆಗೆದು ಎಸೆದ.

"ಚಿವುಟು! ಎಲ್ಲರ ಎದುರಿಗೆ ಚಿವುಟು!"

ಚಿವುಟಿದಳು. ದಂಟು ಒಣಗಿತ್ತು. ಹಾಲಿಲ್ಲ.

"ಕಂಡ್ರಾ? ಸುಳ್ಳ!" ಎಂದು ಯಾರೋ ಕೂಗಿದ್ದೇ ತಡ, ಗಾಡಿ ಎಳೆಯುವವರು, ಮೂಟೆ ಹೊರುವವರು ಕಮ್ಮಾರನ ಮೇಲೆ ಬಿದ್ದರು. ಹೆಂಗಸಿನ ಮೇಲೆ ಕೈ ಮಾಡಿದನೆಂಬ ನೆಪ ಸಾಕಾಗಿತ್ತು. ಕೋಲು ಬಿತ್ತು, ಕಾಲು ಬಿತ್ತು. ಗೆದ್ದಳು ಉಗುರಮ್ಮ.

ಆದರೆ ಕೈಯಲ್ಲಿದ್ದ ಎಲೆ ಕಾಗದದಂತೆ ತೆಳ್ಳಗಿತ್ತು. ಬಾಡಿದರೂ ಗೋಣಿಯ ಎಲೆ ಹೀಗಾಗದು. ಆಕೆ ಪಕ್ಕದಲ್ಲಿದ್ದ ತಂಗಿಯ ರಟ್ಟೆ ಹಿಡಿದಳು.

"ಎಲ್ಲಿ ಚಿವುಟಿದೆ?"

"ಮನೆಗೆ ಬಂದ ಮೇಲೆ ಅಕ್ಕ... ಬಿಸಿಲು ಜೋರಾಗಿತ್ತು ಅಂತ..."

"ಬೇರು ನೆಲದಲ್ಲಿದ್ದಾಗ ಚಿವುಟಬೇಕು ಕಣೇ ಮೂಳಿ! ಬಾಡಿದ ಮೇಲೆ ಅದೆಲ್ಲಿ ಹಾಲು ಕೊಡುತ್ತೆ?" ಕೆನ್ನೆಗೆ ಬಿಟ್ಟ ಏಟಿಗೆ ತಂಗಿ ಬುಟ್ಟಿಯ ಮೇಲೆ ಬಿದ್ದಳು. ಬೆಳಿಗ್ಗೆ ಮಾರಿದ ಕಟ್ಟುಗಳು ಈಗ ಯಾರ್ಯಾರ ಒಲೆಯ ಮೇಲೋ ಬೇಯುತ್ತಿದ್ದವು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಜನ ಉಳಿಯುತ್ತಿರಲಿಲ್ಲ.

ಉಗುರಮ್ಮ ಗುಂಪಿನೊಳಗೆ ನುಗ್ಗಿದಳು. "ಬಿಡ್ರೋ! ಅವನು ಹೇಳಿದ್ದು ನಿಜ! ನನ್ನ ಸೊಪ್ಪೇ ವಿಷ!" ಒಂದು ಕೋಲು ಆಕೆಯ ಬೆನ್ನಿಗೇ ಬಿತ್ತು. ಕೆಳಗಿದ್ದ ಕಮ್ಮಾರನ ಕಾಲರ್ ಹಿಡಿದು ಎಬ್ಬಿಸಿದಳು. "ಆಮೇಲೆ ನನ್ನ ಕೊಲ್ಲುವೆಯಂತೆ. ಈಗ ಬಾ, ಬಾಗಿಲು ಒಡೆಯೋಕೆ ನಿನ್ನಂಥವನೇ ಬೇಕು."

ಇಬ್ಬರೂ ಬೀದಿಗಿಳಿದರು. ಬೆಳಿಗ್ಗೆ ಕೊಂಡವರ ಮುಖಗಳೆಲ್ಲ ಆಕೆಗೆ ನೆನಪಿತ್ತು. ಒಂದು ಮನೆಯಲ್ಲಿ ಕುದಿಯುವ ಪಾತ್ರೆಗೆ ಒದ್ದು ಕಾಲು ಸುಟ್ಟುಕೊಂಡಳು. ಇನ್ನೊಂದರಲ್ಲಿ ಅಡುಗೆಯವಳು ಲಟ್ಟಣಿಗೆಯಿಂದ ಆಕೆಯ ಹಣೆ ಒಡೆದಳು. ಬಾಗಿಲು ತೆಗೆಯದ ಕಡೆ ಕಮ್ಮಾರ ಅಗುಳಿ ಕಿತ್ತ.

ಕೊನೆಗೆ ಉಳಿದದ್ದು ದರ್ಜಿಯ ಮನೆ. ಅವನ ಹೆಂಡತಿ ಉಣ್ಣಲು ಕೂತಿದ್ದಳು, ತುತ್ತು ಬಾಯೊಳಗಿತ್ತು. ಉಗುರಮ್ಮ ಅವಳನ್ನು ಕೆಡವಿ ಬಾಯಿಗೆ ಕೈ ತುರುಕಿದಳು. ಅವಳು ಮೂಳೆ ತಾಗುವಂತೆ ಕಚ್ಚಿದಳು. ಆದರೂ ತುತ್ತು ಹೊರಗೆ ಬಂತು. ದರ್ಜಿ ಗಜಕೋಲು ಎತ್ತಿ ಆಕೆಯ ತಲೆಗೆ ಹೊಡೆದ. ಮತ್ತೆ ಎತ್ತುವಾಗ ಕಮ್ಮಾರ ಆ ಕೈ ಹಿಡಿದ.

"ಬಿಡು ಅವನನ್ನ" ಎಂದಳು ಉಗುರಮ್ಮ, ಚೆಲ್ಲಿದ ಅನ್ನದ ಮೇಲೆ ಕೂತು. "ಹೊಡಿಯಪ್ಪಾ, ಹೊಡಿ. ಮೊದಲು ಹೆಂಡತಿ ಬಾಯಿ ತೊಳೆಸಿ ಬಾ."

ಕಮ್ಮಾರನ ತಾಯಿ ಬದುಕಿದಳು. ಆ ಮೂಲೆಯಲ್ಲಿ ಮತ್ತೆ ಯಾರೂ ಉಗುರಮ್ಮನ ಸೊಪ್ಪು ಕೊಳ್ಳಲಿಲ್ಲ. ಅವಳೂ ಕೊಳ್ಳಿ ಎಂದು ಯಾರನ್ನೂ ಕರೆಯಲಿಲ್ಲ.